ವೀಣೆಯ ಹಲಗೆ

ವೀಣೆಯನ್ನು ಕುರಿತು ಹುಟ್ಟಿರುವ ಲಕ್ಷಣಗ್ರಂಥಗಳ ಬಹುಭಾಗವು ಸ್ವರಸ್ಥಾನಗಳ ವಿಚಾರಕ್ಕೆ ಮೀಸಲಾಗಿದೆ. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ 1550ರಲ್ಲಿ 'ಸ್ವರಮೇಳಕಲಾನಿಧಿ'ಯನ್ನು ರಚಿಸಿದ ರಾಮಾಮಾತ್ಯನು ಶುದ್ಧಮೇಳವೀಣೆ, ಮಧ್ಯಮೇಳವೀಣೆ, ಅಚ್ಯುತರಾಜೇಂದ್ರಮೇಳವೀಣೆ ಎಂಬ ಭೇದಗಳನ್ನು ಹೇಳಿ, ಯಾವ ತಂತಿಯ ಕೆಳಗೆ ಯಾವ ಮೆಟ್ಟಿಲು ಯಾವ ಸ್ವರವನ್ನು ಕೊಡುವುದೆಂಬುದನ್ನು ನಿರೂಪಿಸಿದನು. ಮುಂದಿನ ಶತಮಾನದಲ್ಲಿ ವೇಂಕಟಮಖಿಯು 'ಚತುರ್ದಂಡೀಪ್ರಕಾಶಿಕೆ'ಯಲ್ಲಿ ಅದೇ ವಿಚಾರವನ್ನು ಮುಂದುವರಿಸಿದನು. ಈಗಿನ ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಸ್ಥಿರವಾದುದು ತಂಜಾವೂರಿನ ರಘುನಾಥನಾಯಕನ ಕಾಲದಲ್ಲಿ ಎಂದು ಸಂಪ್ರದಾಯವು ಹೇಳುತ್ತದೆ. ಮೆಟ್ಟಿಲುಗಳಿಗೆ ಹೀಗೆ ಕರ್ತೃವೂ ಕಾಲವೂ ಉಂಟು. ಆದರೆ ತಂತಿಯ ಕಂಪನವನ್ನು ಕೇಳುವವನ ಕಿವಿಗೆ ಮುಟ್ಟಿಸತಕ್ಕ ಅಂಗವೆಂದರೆ ಕೊಡದ ಬಾಯಿಗೆ ಹೊದಿಸಿರುವ ತೆಳುವಾದ ಹಲಗೆ. ಅದಕ್ಕೆ ಅಂತಹ ಕೀರ್ತಿ ಬರಲಿಲ್ಲ. ಅದರ ಶಾಸ್ತ್ರವು ಬಡಗಿಯ ಕೈಬೆರಳುಗಳಲ್ಲಿಯೇ ಉಳಿಯಿತು.

ಬಿಗಿದ ತಂತಿಯೊಂದನ್ನು ಎರಡು ಕಲ್ಲುಗಳ ನಡುವೆ ಕಟ್ಟಿ ಮೀಟಿದರೆ ಧ್ವನಿಯು ಕೇಳಿಯೂ ಕೇಳದಂತಿರುತ್ತದೆ. ತಂತಿಯು ಅತಿ ಕೃಶವಾದುದರಿಂದ ಅದು ಗಾಳಿಯನ್ನು ನೂಕಲಾರದೆ ಸೀಳಿಕೊಂಡು ಹೋಗುವುದೇ ಇದಕ್ಕೆ ಕಾರಣ. ಅದೇ ತಂತಿಯನ್ನು ಕುದುರೆಯ ಮೂಲಕ ಅಗಲವಾದ ಹಲಗೆಯೊಂದಕ್ಕೆ ಮುಟ್ಟಿಸಿದರೆ, ಹಲಗೆಯು ತಂತಿಯೊಡನೆ ಮೇಲಕ್ಕೂ ಕೆಳಕ್ಕೂ ಆಡಿ, ತನ್ನ ವಿಸ್ತಾರದಷ್ಟು ಗಾಳಿಯನ್ನು ನೂಕುತ್ತದೆ. ಕೊಡದೊಳಗಿನ ಗಾಳಿ ಮಂದ್ರಸ್ವರಗಳಿಗೆ ಬಲವನ್ನು ಕೊಡುತ್ತದೆ. ಇಷ್ಟು ಸರಳವಾದ ಏರ್ಪಾಡಿನಲ್ಲಿ ತೊಡಕೊಂದು ಅಡಗಿದೆ. ಹಲಗೆ ತೆಳುವಾಗಿ ಹಗುರವಾಗಿದ್ದಷ್ಟೂ ಅಲ್ಪವಾದ ಕಂಪನಕ್ಕೂ ಸ್ಪಂದಿಸುತ್ತದೆ. ಆದರೆ ಹಲಗೆಯ ಬಿರುಸು ಅದರ ದಪ್ಪದ ಘನವನ್ನು ಅನುಸರಿಸಿ ಇಳಿಯತಕ್ಕದ್ದು: ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ತೂಕ ಅರ್ಧವಾಗುವುದು, ಬಿರುಸು ಎಂಟನೆಯ ಒಂದು ಪಾಲಿಗೆ ಬೀಳುವುದು. ಹಗಲಿರುಳೂ ಶ್ರುತಿಯಲ್ಲಿ ನಿಂತ ತಂತಿಗಳ ಭಾರವನ್ನು ಹೊರಬೇಕಾದುದೂ ಇದೇ ಹಲಗೆಯೇ. ಹಾಡಲು ತಕ್ಕಷ್ಟು ತೆಳುವಾದುದು ಹೊರಲು ತಕ್ಕಷ್ಟು ಗಟ್ಟಿಯಾಗಿರುವುದು ಹೇಗೆ? ತಂತೀವಾದ್ಯಗಳನ್ನು ಮಾಡುವವರ ನೂತನ ಕಲ್ಪನೆಗಳಲ್ಲಿ ಹೆಚ್ಚಿನವು ಈ ಒಂದು ಪ್ರಶ್ನೆಗೆ ಕೊಟ್ಟ ಉತ್ತರಗಳು.

ಹಲಗೆಯು ವೀಣೆಗೆ ಹುಟ್ಟಿನಿಂದ ಬಂದ ಅಂಗವಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಹೊಯ್ಸಳ ದೇವಾಲಯಗಳ ಶಿಲ್ಪದಲ್ಲಿ ಕಾಣುವ ವೀಣೆಗಳು ದಂಡಕ್ಕೆ ಸೋರೆಬುರುಡೆಯನ್ನು ಕಟ್ಟಿದಂಥವು; 13ನೆಯ ಶತಮಾನದ ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ವರ್ಣಿಸುವ ಏಕತಂತ್ರಿ, ಕಿನ್ನರಿಗಳೂ ಆ ಜಾತಿಗೆ ಸೇರಿದವು. ಅವುಗಳಲ್ಲಿ ಕುದುರೆಯು ದಂಡದ ಮೇಲೆಯೇ ಕುಳಿತು, ಕಂಪನವು ದಂಡದ ಮಾರ್ಗವಾಗಿ ಬುರುಡೆಗೆ ಇಳಿಯುತ್ತದೆ. ಉತ್ತರಾದಿಯ ರುದ್ರವೀಣೆಯಲ್ಲಿ ಇಂದಿಗೂ ಕ್ರಮವು ಇದೇ. ಕುದುರೆಯನ್ನು ದಂಡದಿಂದ ಕೆಳಗಿಳಿಸಿ, ಪೊಳ್ಳು ಮಾಡಿದ ಕೊಡದ ಮೇಲಿನ ಹಲಗೆಯ ನಡುವೆ ನಿಲ್ಲಿಸಿದುದೇ ಈಗಿನ ಸರಸ್ವತೀವೀಣೆಯ ಜನ್ಮವೆನ್ನಬಹುದು. ಯಾಳಿಮುಖದ ಬಳಿ ಇಂದಿಗೂ ತೂಗುವ ಎರಡನೆಯ ಬುರುಡೆ ಹಳೆಯ ಮನೆತನದ ಗುರುತು. ವಾದಕನು ಅದನ್ನು ಎಡತೊಡೆಯ ಮೇಲಿಟ್ಟುಕೊಳ್ಳುತ್ತಾನೆ. ಅದು ನಾದಕ್ಕೆ ಮಾಡುವ ಉಪಕಾರ ಅಲ್ಪ.

ತಂತಿಯ ಭಾರವು ಹಲಗೆಯ ಮೇಲೆ ಬೀಳುವ ಕ್ರಮವು ಎಲ್ಲ ವಾದ್ಯಗಳಲ್ಲಿಯೂ ಒಂದೇ ಬಗೆಯಾಗಿಲ್ಲ. ಯಲ್ಲಮ್ಮನ ಪದಗಳಿಗೆ ಜೊತೆಯಾಗುವ ಚೌಡಿಕೆಯಲ್ಲಿ ಕುದುರೆಯೇ ಇಲ್ಲ. ತಂತಿಯನ್ನು ಚರ್ಮದ ನಡುವೆ ಪೋಣಿಸಿ ನೆಟ್ಟಗೆ ಸೆಳೆದಿರುವುದರಿಂದ, ತಂತಿಯ ಇಡೀ ಬಿಗಿ ಚರ್ಮವನ್ನೇ ಎಳೆಯುತ್ತದೆ. ಚರ್ಮವಾದುದರಿಂದ ಇದು ಸಾಧ್ಯ, ಅದೂ ಒಂದೇ ತಂತಿಗೆ. ವೀಣೆಯ ತಂತಿಗಳಾದರೋ ಕುದುರೆಯನ್ನು ದಾಟಿ ಮುಂದೆ ಹೋಗಿ, ಲಂಗರುಗಳ ಮೂಲಕ ಕೊಡದ ಅಂಚಿನ ನಾಗಪಾಶವನ್ನು ಹಿಡಿಯುತ್ತವೆ. ಸೆಳೆತವು ಕೊಡದ ಗಟ್ಟಿಮರಕ್ಕೆ ಸೇರುತ್ತದೆ. ಹಲಗೆಗೆ ತಟ್ಟುವುದು ಕುದುರೆಯ ಕೆಳಮುಖವಾದ ಒತ್ತಡ ಮಾತ್ರ. ತಂತಿಯು ಕುದುರೆಯ ಮೇಲೆ 10 ಅಂಶಗಳಷ್ಟು ಬಾಗಿದರೆ ಈ ಒತ್ತಡವು ತಂತಿಯ ಸೆಳೆತದ ಸುಮಾರು ಆರನೆಯ ಒಂದು ಪಾಲು. ಆದಕಾರಣವೇ ಕಾಲು ಅಂಗುಲಕ್ಕೂ ತೆಳುವಾದ ಹಲಸಿನ ಹಲಗೆಯು ಏಳು ತಂತಿಗಳ ಕೆಳಗೆ ಬಹುಕಾಲ ಕುಸಿಯದೆ ನಿಲ್ಲುತ್ತದೆ.

ಅರಬ್ಬೀ ದೇಶಗಳ ಊದ್ ಎಂಬ ವಾದ್ಯದಲ್ಲಿ ಸ್ಥಿತಿಯು ಬೇರೆ. ಊದ್ ಎಂದರೆ ಮರವೆಂದೇ ಅರ್ಥ. ಚರ್ಮವನ್ನು ಹೊದಿಸಿದ ಹಳೆಯ ವಾದ್ಯಗಳಿಂದ ಬೇರ್ಪಡಿಸಲು ಮರದ ಮುಖದ ಈ ವಾದ್ಯಕ್ಕೆ ಆ ಹೆಸರು ಬಂತೆಂದು ಕೆಲವು ಪಂಡಿತರ ಊಹೆ. ಅದರ ಹನ್ನೊಂದು ತಂತಿಗಳ ತುದಿಯನ್ನು ಹಲಗೆಗೆ ಅಂಟಿಸಿದ ಕುದುರೆಗೇ ಕಟ್ಟುತ್ತಾರೆ. ಇದರಿಂದ ಹಲಗೆಯನ್ನು ಒತ್ತುವುದರ ಬದಲು ತಂತಿಗಳು ಕುದುರೆಯನ್ನು ಮುಂದಕ್ಕೆ ಬಾಗಿಸಲು ಹವಣಿಸುತ್ತವೆ. ಕುದುರೆಯ ಮುಂದೆ ಹಲಗೆ ತಗ್ಗುತ್ತದೆ, ಹಿಂದೆ ಉಬ್ಬುತ್ತದೆ. ಹೀಗಾಗಿ ಊದಿನ ಶಿಲ್ಪಿಗಳು ಸ್ಪ್ರೂಸ್ ಮರದ ಹಲಗೆಯನ್ನು ಎರಡು ಮಿಲಿಮೀಟರಿನ ಆಸುಪಾಸಿಗೆ ತೆಳುವು ಮಾಡಿ, ಅದರ ಒಳಮೈಗೆ ಎಳೆಗೆ ಅಡ್ಡಲಾಗಿ ಹಲವು ಪಟ್ಟಿಗಳನ್ನು ಅಂಟಿಸುವ ಉಪಾಯವನ್ನು ಕಂಡುಕೊಂಡರು. ಮರಕ್ಕೆ ಎಳೆಯ ಉದ್ದಕ್ಕೆ ಇರುವ ಬಲದಲ್ಲಿ ಅಡ್ಡಕ್ಕೆ ಇರುವುದು ಅತ್ಯಲ್ಪ. ಆ ಕೊರತೆಯನ್ನು ಪಟ್ಟಿ ತುಂಬುತ್ತದೆ. ಪಟ್ಟಿಯ ಬಿರುಸೂ ಅದರ ಎತ್ತರದ ಘನವನ್ನು ಅನುಸರಿಸುವುದರಿಂದ, ಅಗಲ ಕಡಮೆಯಾಗಿ ಎತ್ತರ ಹೆಚ್ಚಾದ ಪಟ್ಟಿಯು ಸ್ವಲ್ಪ ತೂಕದಲ್ಲಿ ಬಹಳ ಬಲವನ್ನು ಕೊಡುತ್ತದೆ.

ಇಪ್ಪತ್ತನೆಯ ಶತಮಾನದ ಇರಾಕಿನಲ್ಲಿ ನಡೆದ ಪ್ರಯೋಗವು ವೈಣಿಕರಿಗೆ ವಿಶೇಷವಾಗಿ ಕುತೂಹಲಕರವಾದುದು. ಬಾಗ್ದಾದಿನ ಮಹಮ್ಮದ್ ಫಾದಿಲನೆಂಬ ಶಿಲ್ಪಿಯು ಕುದುರೆಯನ್ನು ಅಂಟಿಸದೆ ಸುಮ್ಮನೆ ಹಲಗೆಯ ಮೇಲಿಟ್ಟು, ತಂತಿಗಳನ್ನು ವಾದ್ಯದ ಬುಡಕ್ಕೆ ಕಟ್ಟಿದ ಊದುಗಳನ್ನು ಮಾಡಿದನು. ಪ್ರಸಿದ್ಧ ವಾದಕನಾದ ಮುನೀರ್ ಬಶೀರನು ಅಂತಹ ವಾದ್ಯವನ್ನು ದೇಶದೇಶಗಳ ಸಭೆಗಳಲ್ಲಿ ನುಡಿಸಿದನು. ಇದು ಭಾರವನ್ನು ಹೊರುವ ವಿಷಯದಲ್ಲಿ ವೀಣೆಯ ಕ್ರಮವೇ ಸರಿ. ಒಬ್ಬರು ಇನ್ನೊಬ್ಬರಿಂದ ಕಲಿತರೆಂದು ಹೇಳುವುದಕ್ಕೆ ಆಧಾರವಿಲ್ಲ; ಪ್ರಶ್ನೆ ಒಂದೇ ಆದಾಗ ಉತ್ತರಗಳು ಸಂಧಿಸುವುದು ಆಶ್ಚರ್ಯವಲ್ಲ. ಭಾರದ ದಿಕ್ಕು ಬದಲಾದುದರಿಂದ ಒಳಗಿನ ಪಟ್ಟಿಗಳ ಏರ್ಪಾಡನ್ನೂ ಹೊಸದಾಗಿ ಯೋಚಿಸಬೇಕಾಯಿತು. ಊದಿನ ನಿರ್ಮಾಣ ಮತ್ತು ವಾದನಕಲೆಯನ್ನು ಇರಾನ್ ಮತ್ತು ಸಿರಿಯಾ ದೇಶಗಳ ಹೆಸರಿನಲ್ಲಿ ಯುನೆಸ್ಕೋ ಸಂಸ್ಥೆಯು 2022ರಲ್ಲಿ ತನ್ನ ಪರಂಪರೆಗಳ ಪಟ್ಟಿಗೆ ಸೇರಿಸಿತು.

ವಾದ್ಯದ ಕಂಠವು ಹಲಗೆಯಲ್ಲಿದೆಯೋ ಕೊಡದಲ್ಲಿದೆಯೋ ಎಂಬ ವಾದವು ಹಳೆಯದು. ಸ್ಪೇನ್ ದೇಶದ ಆಂಟೋನಿಯೋ ದೆ ತೋರ್ರೆಸ್ ಎಂಬ ಗಿಟಾರ್ ಶಿಲ್ಪಿಯು 1862ರಲ್ಲಿ ಬೆನ್ನನ್ನೂ ಪಕ್ಕಗಳನ್ನೂ ರಟ್ಟಿನಿಂದ ಮಾಡಿ, ಮೇಲಿನ ಹಲಗೆಯೊಂದನ್ನು ಮಾತ್ರ ಒಳ್ಳೆಯ ಮರದಿಂದ ಮಾಡಿ ಗಿಟಾರೊಂದನ್ನು ಕಟ್ಟಿದನು. ಅದು ಗಿಟಾರಿನಂತೆಯೇ ನುಡಿಯಿತು. ಕನ್ನಡ ನಾಡಿನಲ್ಲಿಯೂ ದಕ್ಷಿಣದ ಇತರ ಸೀಮೆಗಳಲ್ಲಿಯೂ ಕೊಡ, ದಂಡಿ, ಶಿರಸ್ಸುಗಳನ್ನು ಒಂದೇ ದಿಮ್ಮಿಯಲ್ಲಿ ಕೊರೆದ ಏಕಾಂಡವೀಣೆಗೆ ಜೋಡಿಸಿದ ವೀಣೆಗಿಂತ ಹೆಚ್ಚಿನ ಮರ್ಯಾದೆಯೂ ಬೆಲೆಯೂ ಉಂಟು. ಜೋಡಣೆಯಿಲ್ಲದ ದಂಡಿಯಲ್ಲಿ ಕಂಪನವು ತಡೆಯಿಲ್ಲದೆ ಹರಿಯುವುದೆಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಕೊಡವನ್ನು ಬಾಯಿಯ ಕಡೆಯಿಂದಲೇ ಪೊಳ್ಳು ಮಾಡಬೇಕಾದುದರಿಂದ ಏಕಾಂಡವೀಣೆಯಲ್ಲಿಯೂ ಹಲಗೆಯು ಬೇರೆಯಾದ ತುಂಡೇ. ಗಿರಾಕಿಯು ಹಣವನ್ನು ದಿಮ್ಮಿಗೆ ಕೊಡುತ್ತಾನೆ, ಆದರೆ ಕಿವಿಗೊಡುವುದು ಬಹುಮಟ್ಟಿಗೆ ಹಲಗೆಗೆ.

ಕುದುರೆಯ ವಿಚಾರವನ್ನು ಬಿಟ್ಟು ಹಲಗೆಯ ವಿಚಾರ ಪೂರ್ಣವಾಗದು. ವೀಣೆಯ ಕುದುರೆಯು ಮರದ್ದಾದರೂ ಅದರ ನೆತ್ತಿಗೆ ಮೆಲ್ಲಗೆ ಬಾಗಿದ ಲೋಹದ ತಗಡನ್ನು ಕೂಡಿಸಿರುತ್ತಾರೆ. ಸರ್ ಸಿ. ವಿ. ರಾಮನ್ನರು 1921ರಲ್ಲಿ ಕಲ್ಕತ್ತೆಯಿಂದ ಪ್ರಕಟಿಸಿದ ಲೇಖನವೊಂದರಲ್ಲಿ ಇದರ ಮರ್ಮವನ್ನು ತೋರಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಆ ಬಿಂದುವು ನಿಶ್ಚಲವಾಗಿರತಕ್ಕ ಅನುಸ್ವರಗಳು ಹುಟ್ಟಬಾರದೆಂದು ಯಂಗ್ ಎಂಬ ವಿಜ್ಞಾನಿಯ ನಿಯಮ. ವೀಣೆ ತಂಬೂರಿಗಳಲ್ಲಿ ಆ ಅನುಸ್ವರಗಳೂ ಸ್ಪಷ್ಟವಾಗಿ ಕೇಳುತ್ತವೆ. ತಂತಿಯು ಬಾಗಿದ ತಗಡನ್ನು ಒರಸುತ್ತ ಆಡುವುದೇ ಇದಕ್ಕೆ ಕಾರಣ. ಹಲಗೆಯ ದೃಷ್ಟಿಯಿಂದ ಇದರ ಪರಿಣಾಮವು ಗಮನಾರ್ಹ. ಇಂತಹ ಕುದುರೆಯು ತಾರದ ಅನುಸ್ವರಗಳನ್ನು ಹೇರಳವಾಗಿ ಕೊಡುವುದರಿಂದ, ಅವನ್ನು ಹಲಗೆಯೇ ಹುಟ್ಟಿಸಬೇಕಾಗಿಲ್ಲ. ಊದಿನ ಸ್ಪ್ರೂಸಿಗಿಂತ ಭಾರವಾದ ಹಲಸು ವೀಣೆಗೆ ಒಪ್ಪುವುದು ಈ ಕಾರಣದಿಂದಲೂ ಇರಬಹುದು. ಕನ್ನಡದ ಗಡಿಗೆ ಹೊಂದಿದ ಮಿರಜಿನ ತಂಬೂರಿಗಳಲ್ಲಿ ಸೋರೆಬುರುಡೆಗೆ ತುನ್ ಮರದ ಹಲಗೆಯನ್ನು ಹೊದಿಸುವುದು ವಾಡಿಕೆ.

ಮರದ ಆಯ್ಕೆಗಿಂತಲೂ ಮರದ ಸೀಳುವಿಕೆಯಲ್ಲಿ ಹೆಚ್ಚಿನ ಗುಟ್ಟಿದೆ. ಮರವು ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಮೆ. ಅಡ್ಡಕ್ಕೆ ಕುಗ್ಗುವುದು ಹೆಚ್ಚು. ಅದರಲ್ಲಿಯೂ ವರ್ಷದುಂಗುರಗಳ ಸುತ್ತಿನ ದಿಕ್ಕಿನಲ್ಲಿ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಅಂಚಿನ ಸುತ್ತಲೂ ಕೊಡಕ್ಕೆ ಅಂಟಿಕೊಂಡಿರುವ ಹಲಗೆಗೆ ಕುಗ್ಗಲು ಎಡೆಯಿಲ್ಲದ ಕಾರಣ ಅದು ಸೀಳುತ್ತದೆ. ಒಂದು ಅಡಿ ಅಗಲದ ಹಲಗೆಯು ನೂರಕ್ಕೆ ಒಂದು ಪಾಲು ಕುಗ್ಗಿದರೆ ಮೂರು ಮಿಲಿಮೀಟರಿನ ಬಿರುಕಿಗೆ ದಾರಿಯಾಯಿತು. ಕರಾವಳಿಯಲ್ಲಿಯೋ ಮಲೆನಾಡಿನಲ್ಲಿಯೋ ಮಳೆಗಾಲದ ಗಾಳಿಯಲ್ಲಿ ಜೋಡಿಸಿದ ವಾದ್ಯವನ್ನು ತುಮಕೂರು ಜಿಲ್ಲೆಯ ಈಶಾನ್ಯ ಸೀಮೆಗೆ ಒಯ್ದರೆ ಈ ಪರೀಕ್ಷೆಯು ಪೂರ್ಣವಾಗಿ ನಡೆಯುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ನದಿಯು ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಕೂಡಲು ಹೋಗುವ ಆ ಪ್ರದೇಶದಲ್ಲಿ ಕೊಡಿಗೇನಹಳ್ಳಿಯಿಂದ ಉತ್ತರಕ್ಕೆ ನಡೆದಷ್ಟೂ ನೆಲವೂ ಗಾಳಿಯೂ ಒಣಗುತ್ತವೆ; ಪಾವಗಡವು ರಾಜ್ಯದ ಅತಿ ಶುಷ್ಕವಾದ ತಾಲ್ಲೂಕುಗಳಲ್ಲೊಂದು. ಬೇಸಿಗೆಯಲ್ಲಿ ಮೆಟ್ಟಿಲುಗಳನ್ನು ಹಿಡಿದ ಮೇಣ ಮೆತ್ತಗಾಗುವುದನ್ನು ವೈಣಿಕನು ಒಡನೆ ಕಾಣುತ್ತಾನೆ, ಸರಿಮಾಡಿಸುತ್ತಾನೆ. ಹಲಗೆಯ ಸೀಳು ಮೊದಲು ಕಣ್ಣಿಗೆ ಬೀಳದೆ, ಮಂದ್ರದಲ್ಲಿ ಕರಕರ ಎಂಬ ಅಪಸ್ವರವಾಗಿ ಮಾತ್ರ ಕೇಳಿಸುತ್ತದೆ. ಆದುದರಿಂದ ಒಣಸೀಮೆಯ ವಾದ್ಯಕ್ಕೆ ಹಲಗೆಯನ್ನು ಒಣಹವೆಯಲ್ಲಿಯೇ ಅಂಟಿಸಬೇಕು. ಆಮೇಲೆ ತೇವ ಬಂದರೆ ಅದು ಸ್ವಲ್ಪ ಉಬ್ಬೀತೇ ಹೊರತು ಒಡೆಯದು.

ಊದಿನವರು ತಿರುಳಿನಿಂದ ತೊಗಟೆಯ ಕಡೆಗೆ ಸೀಳಿದ ಎರಡು ತುಂಡುಗಳನ್ನು ನಡುವೆ ಬೆಸೆದು ಹಲಗೆ ಮಾಡುವುದು ಕೇವಲ ಅಂದಕ್ಕಲ್ಲ. ಕುಗ್ಗುವಿಕೆ ಅತ್ಯಲ್ಪವಾಗುವುದು ಹಾಗೆ ಸೀಳಿದಾಗಲೇ. ವೀಣೆಯವರು ಒಂದೇ ಅಗಲವಾದ ತುಂಡನ್ನು ಬಯಸುತ್ತಾರೆ. ಅಂತಹ ತುಂಡು ಮುದಿಹಲಸಿನ ದೊಡ್ಡ ಬೊಡ್ಡೆಯಿಂದ ಮಾತ್ರ ದೊರೆಯುವುದು. ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆ ಹಲಸಿಗೆ ಹಣ್ಣಿನಿಂದಲೇ ಆದಾಯವಿರುವಾಗ ರೈತನು ಹಳೆಯ ಮರವನ್ನು ಕಡಿಯಬೇಕಾದ ಕಾರಣವಿಲ್ಲ. ಬೀಟೆಯ ದಾರಿಯೂ ಸುಲಭವಲ್ಲ: ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು, 2017ರ ಜನವರಿಯಿಂದ ಅಂತರರಾಷ್ಟ್ರೀಯ ಒಪ್ಪಂದವೊಂದರ ಮೇರೆಗೆ ಬೀಟೆಯ ಜಾತಿಯ ವಾದ್ಯಗಳನ್ನು ದೇಶದಾಚೆ ಕಳುಹಿಸುವುದಕ್ಕೂ ಕಟ್ಟಳೆಯಾಯಿತು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತಾದರೂ ಮರವು ಅಗ್ಗವಾಗಲಿಲ್ಲ. ಹೀಗಿರಲಾಗಿ, ಸರಿಯಾಗಿ ಸೀಳಿದ ಎರಡು ಕಿರಿಯ ತುಂಡುಗಳ ಬೆಸುಗೆಯನ್ನು ಹೀನವೆಂದು ಎಣಿಸುವ ಅಭಿಮಾನಕ್ಕೆ ನಾದಶಾಸ್ತ್ರದ ಬೆಂಬಲವಿಲ್ಲ. ಉತ್ತಮವಾದ ಸರೇಸಿನ ಬೆಸುಗೆ ಪಕ್ಕದ ಮರಕ್ಕಿಂತ ದುರ್ಬಲವಾಗಿರಬೇಕಾಗಿಲ್ಲ. ಹಲಗೆಯು ಎಳೆಯ ಉದ್ದಕ್ಕೆ ಆಡುವಾಗ ಆ ಬೆಸುಗೆ ಅಡ್ಡ ಬರುವುದೂ ಇಲ್ಲ.

ಹಲಗೆಯ ದಪ್ಪವನ್ನು ನಿರ್ಣಯಿಸುವುದಕ್ಕೆ ಅಳತೆಗೋಲು ಮಾತ್ರ ಸಾಲದು. ಒಂದೇ ಮರದ ಎರಡು ಹಲಗೆಗಳು ಒಂದೇ ದಪ್ಪದಲ್ಲಿ ಒಂದೇ ಬಗೆಯಾಗಿ ನುಡಿಯುವುದಿಲ್ಲ. ಬಡಗಿಯು ಹಲಗೆಯನ್ನು ಎರಡು ಬೆರಳಿನಲ್ಲಿ ತೂಗಿ ಹಿಡಿದು ಗೆಣ್ಣಿನಿಂದ ತಟ್ಟಿ, ಧ್ವನಿ ಮೊಂಡಾದಲ್ಲಿ ಒಳಮೈಯನ್ನು ಹೆರೆದು, ಮತ್ತೆ ತಟ್ಟಿ ನೋಡಬೇಕು. ಕುದುರೆ ನಿಲ್ಲುವ ನಡುಭಾಗವನ್ನು ಉಳಿಸಿಕೊಂಡು ಅಂಚಿನ ಕಡೆಗೆ ತೆಳುವು ಮಾಡುತ್ತ ಬಂದರೆ ಹಲಗೆಯು ಬಿರುಸನ್ನು ಹೆಚ್ಚಾಗಿ ಕಳೆದುಕೊಳ್ಳದೆ ಸಡಿಲವಾಗುತ್ತದೆ. ಕುದುರೆಯ ಇಕ್ಕೆಲದಲ್ಲಿ ಕೊರೆಯುವ ಸಣ್ಣ ರಂಧ್ರಗಳ ಚಿತ್ತಾರವೂ ಒಳಗಿನ ಗಾಳಿಯ ಶ್ರುತಿಯನ್ನು ಕೊಂಚ ಬದಲಿಸುತ್ತದೆ. ಇವೆಲ್ಲವೂ ಅಂಟಿಸುವುದಕ್ಕೆ ಮುಂಚೆ ಮುಗಿಯತಕ್ಕ ಕೆಲಸ. ಕೊಡದ ಬಾಯಿ ಮುಚ್ಚಿ ತಂತಿಯೇರಿಸಿದ ಮೇಲೆ ಧ್ವನಿ ಮೊಂಡೆಂದು ತಿಳಿದರೆ ಹೊರಮೈಯನ್ನು ಹೆರೆಯುವ ಮಾರ್ಗವೊಂದೇ ಉಳಿದಿರುತ್ತದೆ. ಅದಕ್ಕೆ ಮೆರುಗನ್ನು ತೆಗೆಯಬೇಕು, ಅಂಚಿನ ಕುಸುರಿಯನ್ನು ಉಳಿಸಿಕೊಳ್ಳಬೇಕು, ಎಷ್ಟು ತೆಗೆದದ್ದಾಯಿತೆಂಬುದನ್ನು ಕಿವಿಯಿಂದಲೇ ಅರಿಯಬೇಕು.