ಒಂದರ ಗಡಿ

ನೂರು ಕೋಟಿ ಜನರಿದ್ದಾರೆ, ಯಾರಿಗೂ ಯಾರ ಪರಿಚಯವೂ ಇಲ್ಲ ಎಂದುಕೊಳ್ಳಿ. ಚೀಟಿ ಎತ್ತಿ ಇಬ್ಬಿಬ್ಬರನ್ನು ಆರಿಸುತ್ತ, ಅವರ ನಡುವೆ ಒಂದೊಂದು ತಂತಿ ಎಳೆಯುತ್ತ ಹೋಗೋಣ. 25 ಕೋಟಿ ತಂತಿ ಎಳೆದ ಮೇಲೆ, ಬಾಯಿಂದ ಬಾಯಿಗೆ ಸುದ್ದಿ ದಾಟಬಲ್ಲ ಅತಿ ದೊಡ್ಡ ಗುಂಪು ಎಷ್ಟಿರಬಹುದು? ಕೋಟಿಯೆ? ಲಕ್ಷವೆ? ನೂರರ ಆಸುಪಾಸು. ಮದುವೆ ಮನೆಯ ಒಂದು ಪಂಕ್ತಿಗೆ ಸಾಲುವಷ್ಟು ಜನ!

ತಂತಿ 50 ಕೋಟಿ ಮುಟ್ಟಿದಾಗ ಆ ಗುಂಪು 10 ಲಕ್ಷದ ಮಟ್ಟಕ್ಕೆ ನೆಗೆಯುತ್ತದೆ. 75 ಕೋಟಿಗೆ ಬರುವಷ್ಟರಲ್ಲಿ ಸುಮಾರು 58 ಕೋಟಿ ಜನ ಒಂದೇ ಜಾಲದೊಳಗೆ. ತಂತಿ ಹೆಚ್ಚಿದ್ದು ಮೂರು ಪಟ್ಟು, ಗುಂಪು ಬೆಳೆದದ್ದು ಐವತ್ತು ಲಕ್ಷ ಪಟ್ಟಿಗೂ ಮೀರಿ.

ಹಂಗೇರಿಯ ಗಣಿತಜ್ಞರಾದ ಪಾಲ್ ಏರ್ಡಿಶ್ ಮತ್ತು ಆಲ್ಫ್ರೆಡ್ ರೇನಿ 1960ರಲ್ಲೇ ಈ ಲೆಕ್ಕ ಬಿಡಿಸಿಟ್ಟರು. ಒಂದು ತಂತಿಗೆ ಎರಡು ತುದಿ, ಹಾಗಾಗಿ 50 ಕೋಟಿ ತಂತಿ ಎಂದರೆ ತಲೆಗೆ ಸರಾಸರಿ ಒಂದು; ಗುಟ್ಟಿರುವುದು ಆ ಗಡಿಯಲ್ಲಿ. ಭೌತವಿಜ್ಞಾನಿಗಳಿಗೆ ಇಂಥ ಗಡಿ ಹಳೆಯ ನೆಂಟ. 770 ಡಿಗ್ರಿ ಸೆಲ್ಸಿಯಸ್ ದಾಟಿದ ಕಬ್ಬಿಣ ತನ್ನ ಕಾಂತತ್ವವನ್ನು ಕಳೆದುಕೊಳ್ಳುವುದೂ ಇಂಥದೇ ಗಡಿಯಲ್ಲಿ. ಕೋಟ್ಯಂತರ ಕಣಗಳು ಅಕ್ಕಪಕ್ಕದವನ್ನಷ್ಟೇ ಗಮನಿಸಿ ನಡೆಯುತ್ತವೆ, ಆದರೂ ಇಡೀ ತುಂಡಿನ ಸ್ವಭಾವ ಬದಲಾಗುತ್ತದೆ.

ಗಡಿಯ ಹತ್ತಿರದ ಲೆಕ್ಕ ಇನ್ನೂ ವಿಚಿತ್ರ. ಸುದ್ದಿ ಕೇಳಿದ ಪ್ರತಿಯೊಬ್ಬ ಅದನ್ನು ಸರಾಸರಿ 0.9 ಜನಕ್ಕೆ ದಾಟಿಸಿದರೆ, ಒಟ್ಟು ಹತ್ತು ಜನರಿಗೆ ಮುಟ್ಟಿ ಅದು ಆರುತ್ತದೆ. 0.99 ಆದರೆ ನೂರು ಜನ. 0.999 ಆದರೆ ಸಾವಿರ. ಒಂದನ್ನು ದಾಟಿತೋ, ಆರಂಭದಲ್ಲೇ ಸಾಯದೆ ಉಳಿದ ಸುದ್ದಿಗೆ ಕಡಿವಾಣವಿಲ್ಲ. ನಿಜ ಜೀವನದ ಜಾಲಗಳಲ್ಲಿ ಇದಕ್ಕಿಂತ ಹೆಚ್ಚಿನ ಅಪಾಯವಿದೆ. ಅಲ್ಲಿ ಕೆಲವರಿಗೆ ಹತ್ತು ನಂಟು, ಕೆಲವರಿಗೆ ಹತ್ತು ಲಕ್ಷ. ಇಂಥ ಬೃಹತ್ ಕೇಂದ್ರಗಳಿದ್ದಾಗ ಹರಡುವಿಕೆಯ ಗಡಿ ಸೊನ್ನೆಯತ್ತ ಕುಸಿಯುತ್ತದೆಂದು ಭೌತವಿಜ್ಞಾನಿಗಳಾದ ಪಾಸ್ತೋರ್-ಸತೋರಾಸ್ ಮತ್ತು ವೆಸ್ಪಿನ್ಯಾನಿ 2001ರಲ್ಲಿ ತೋರಿಸಿದರು.

ಇದು ಬರೀ ಕಾಗದದ ಲೆಕ್ಕವಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿ ನಂಬಿದ ಗುಂಪೊಂದು ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಒಬ್ಬರನ್ನು ಬಡಿದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದು ಚಾಟ್‌ಗಳ ಮಿತಿಯನ್ನು ಪ್ರಕಟಿಸಿತು.

ಐದು ಸಣ್ಣ ಸಂಖ್ಯೆ ಅನ್ನಬೇಡಿ. ಪ್ರತಿಯೊಬ್ಬರೂ ಹೊಸ ಐವರಿಗೆ ಕಳಿಸುತ್ತಾ ಹೋದರೆ 13ನೇ ಸುತ್ತೊಂದರಲ್ಲೇ 122 ಕೋಟಿ ಜನರಿಗೆ ಮುಟ್ಟುತ್ತದೆ. ಆದರೆ ಐದು ಎಂಬ ಮಿತಿಗೆ ಒಂದು ಗುಣವಿದೆ, ಅದು ಗಡಿಯನ್ನು ನಮ್ಮ ಕೈಗೆಟುಕಿಸುತ್ತದೆ. ಸುಳ್ಳು ಸುದ್ದಿ ಸಿಕ್ಕ ನೂರು ಜನರಲ್ಲಿ 21 ಮಂದಿ ಅದನ್ನು ಐದೈದು ಜನಕ್ಕೆ ಕಳಿಸಿದರೆ ಅದು ಬೆಳೆಯುತ್ತದೆ. ಕಳಿಸುವವರು 19 ಮಂದಿ ಮಾತ್ರವಾದರೆ, ಸರಾಸರಿ ಇಪ್ಪತ್ತು ಜನರನ್ನು ಮುಟ್ಟುವಷ್ಟರಲ್ಲಿ ಸಾಯುತ್ತದೆ. ವ್ಯತ್ಯಾಸ ಇಬ್ಬರದು. ಆ ಇಬ್ಬರಲ್ಲಿ ಒಬ್ಬರು ನೀವಾಗಿ.