ಮನೆಯ ಟಿವಿಗೇ ಸಣ್ಣ ಕಂಪ್ಯೂಟರ್ ಜೋಡಿಸಿ: ಅಪ್ಪನ ಕಣ್ಣಿಗೂ ಪಹಣಿ ಕಾಣಲಿ

ಯುವ ರೈತ ಮಿತ್ರರೇ, ಈ ವಾರ ಗೊಬ್ಬರ, ಔಷಧಿ ವಿಷಯ ಅಲ್ಲ. ಮನೆಯೊಳಗಿನ ಒಂದು ವಿಷಯ.

ಹಾವೇರಿ ಕಡೆ ನಮ್ಮ ಮನೆಯಲ್ಲಿ ಪಹಣಿ, ಬೆಳೆ ಸಮೀಕ್ಷೆ, ವಿಮೆ ಎಲ್ಲಾ ನನ್ನ ಮೊಬೈಲಿನಲ್ಲೇ. ಅಪ್ಪನಿಗೆ ಕಣ್ಣು ಮಂಜು, ಆರು ಇಂಚಿನ ಪರದೆಯಲ್ಲಿ ಏನೂ ಕಾಣೋದಿಲ್ಲ. ‘ನೀನೇ ನೋಡಪಾ’ ಅಂತ ಬಿಟ್ಟುಬಿಡ್ತಿದ್ದರು. ಒಂದು ಸಂಜೆ ಬೆಳೆ ವಿವರವನ್ನು ಟಿವಿಯಲ್ಲಿ ದೊಡ್ಡದು ಮಾಡಿ ತೋರಿಸಿದೆ. ಅಪ್ಪ ಎದ್ದು ಟಿವಿ ಹತ್ತಿರ ಹೋಗಿ ಬೆರಳಿಟ್ಟು ಕೇಳಿದರು: ‘ತಮ್ಮಾ, ಹಳ್ಳದ ದಂಡಿ ಹೊಲದಾಗ ಗೋವಿನಜೋಳ ಹಾಕೀವಿ, ಇಲ್ಲಿ ಹತ್ತಿ ಅಂತ ಐತಲ್ಲ?’ ತಪ್ಪು ನಂದೇ. ಅವಸರದಲ್ಲಿ ನಾನೇ ತಪ್ಪು ಬೆಳೆ ಒತ್ತಿದ್ದೆ. ಆಕ್ಷೇಪಣೆ ಸಲ್ಲಿಸುವ ಅವಧಿ ಇನ್ನೂ ಇತ್ತು, ಸರಿ ಮಾಡಿಸಿದೆವು. ವಿಮೆ ಕಟ್ಟಿದ ಬೆಳೆಯೇ ಬೇರೆ, ದಾಖಲೆಯ ಬೆಳೆಯೇ ಬೇರೆ ಆದರೆ ಪರಿಹಾರದ ಹೊತ್ತಿಗೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಹೊಲ ಗೊತ್ತಿರೋದು ಹಿರಿಯರಿಗೆ, ಮೊಬೈಲ್ ಗೊತ್ತಿರೋದು ನಮಗೆ. ಇಬ್ಬರೂ ಒಟ್ಟಿಗೆ ನೋಡುವ ಹಾಗೆ ಮಾಡೋದು ಹೇಗೆ, ನೋಡೋಣ.

ಯಾವ ಕಂಪ್ಯೂಟರ್?

ಊಟದ ಡಬ್ಬಿಯಷ್ಟೇ ಇರುವ ‘ಮಿನಿ ಪಿಸಿ’ ಸಾಕು. ಟಿವಿಯೇ ಪರದೆಯಾಗುವುದರಿಂದ ಮಾನಿಟರ್ ಖರ್ಚು ಉಳಿಯುತ್ತೆ. ಕಚೇರಿಗಳಲ್ಲಿ ಬಳಸಿ ಮಾರಿದ ಹಳೆಯ ಮಿನಿ ಪಿಸಿಗಳೂ ಸಿಗುತ್ತವೆ. ಕೊಳ್ಳುವ ಮೊದಲು ಇಷ್ಟು ನೋಡಿ:

- ಪ್ರೊಸೆಸರ್: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ತಲೆಮಾರು ಅಥವಾ ನಂತರದ್ದು ಬೇಕು. ಹೆಸರಿನಲ್ಲೇ ಗೊತ್ತಾಗುತ್ತೆ: ಐ5-8500 ಅಂತಿದ್ದರೆ 8ನೇದು, ಐ5-6500 ಅಂತಿದ್ದರೆ 6ನೇದು. ಅಗ್ಗ ಅಂತ 6ನೇದು ತರಬೇಡಿ.
- ರ‍್ಯಾಮ್, ಡಿಸ್ಕ್: 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಬಹಳ ನಿಧಾನ.
- ವೈಫೈ: ಕಚೇರಿಯ ಹಳೆಯ ಪಿಸಿಗಳಲ್ಲಿ ಎಷ್ಟೋ ಸಲ ಇರೋದಿಲ್ಲ. ಚಿಂತೆ ಇಲ್ಲ, ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆಥರಿಂಗ್’ ಆನ್ ಮಾಡಿದರೆ ಇಂಟರ್ನೆಟ್ ಬರುತ್ತೆ.
- ಎಚ್‌ಡಿಎಂಐ: ಕೆಲವು ಪಿಸಿಗಳಲ್ಲಿ ಡಿಸ್‌ಪ್ಲೇಪೋರ್ಟ್ ಮಾತ್ರ ಇರುತ್ತೆ. ಆಗ ‘ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ’ ಹೋಗುವ ಕೇಬಲ್ ಅಂತಲೇ ಕೇಳಿ ತನ್ನಿ. ಉಲ್ಟಾ ಕೇಬಲ್ ಕೆಲಸ ಮಾಡೋದಿಲ್ಲ.

ಜೊತೆಗೆ ವೈರ್ ಇಲ್ಲದ ಕೀಬೋರ್ಡ್, ಮೌಸ್ ಇದ್ದರೆ ಕಟ್ಟೆ ಮೇಲೆ ಕೂತೇ ಕೆಲಸ ಆಗುತ್ತೆ.

ಜೋಡಿಸಿದ ಮೇಲೆ ಬರುವ ಮೂರು ತೊಂದರೆ

1. ಅಂಚು ಕತ್ತರಿಸಿ ಹೋಗುವುದು: ಕೆಳಗಿನ ಪಟ್ಟಿ ಕಾಣದಿದ್ದರೆ ತಪ್ಪು ಕಂಪ್ಯೂಟರಿನದ್ದಲ್ಲ. ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಅಥವಾ ಅಂಥದ್ದೇ ಹೆಸರಿನ ಆಯ್ಕೆ ಇರುತ್ತೆ, ಅದನ್ನು ಹಾಕಿ.
2. ಅಕ್ಷರ ಮಸುಕು: ಆ ಎಚ್‌ಡಿಎಂಐ ಇನ್‌ಪುಟ್‌ಗೆ ‘ಪಿಸಿ’ ಅಂತ ಹೆಸರು ಕೊಡಿ, ಇಲ್ಲವೇ ‘ಗೇಮ್ ಮೋಡ್’ ಹಾಕಿ ನೋಡಿ. ‘ಶಾರ್ಪ್‌ನೆಸ್’ ಕಡಿಮೆ ಮಾಡಿ. ಗೇಮ್ ಮೋಡ್‌ನಲ್ಲಿ ಮೌಸ್ ಕೂಡ ತಡವರಿಸೋದು ಕಡಿಮೆಯಾಗುತ್ತೆ.
3. ಸದ್ದು ಬರದಿರುವುದು: ಕೆಳಗಿನ ಸ್ಪೀಕರ್ ಗುರುತು ಒತ್ತಿ, ಸದ್ದು ಹೋಗುವ ಜಾಗವಾಗಿ ಟಿವಿಯ ಹೆಸರು ಆರಿಸಿ.

ಕಣ್ಣು ಮಂಜಾದವರಿಗೆ

ವಿಂಡೋಸ್ ಒಳಗೇ ಈ ಸೌಲಭ್ಯಗಳಿವೆ, ದುಡ್ಡು ಕೊಡಬೇಕಾಗಿಲ್ಲ.

- ಎಲ್ಲವೂ ದೊಡ್ಡದು: ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ‘ಸ್ಕೇಲ್’ 150 ಶೇಕಡಾ ಮಾಡಿ. 4ಕೆ ಟಿವಿ ಆದರೆ 300 ಬೇಕಾಗಬಹುದು. 32 ಇಂಚಿನ ಎಚ್‌ಡಿ ರೆಡಿ ಟಿವಿಯಲ್ಲಿ ಇದನ್ನು ಜಾಸ್ತಿ ಮಾಡಿದರೆ ಬಟನ್‌ಗಳು ಪರದೆಯಿಂದ ಹೊರಗೆ ಹೋಗ್ತವೆ. ಅಲ್ಲಿ ಕೆಳಗಿನ ಎರಡು ದಾರಿ ಒಳ್ಳೇದು.
- ವೆಬ್ ಪುಟ ಮಾತ್ರ ದೊಡ್ಡದು: ಕಂಟ್ರೋಲ್ ಮತ್ತು ಪ್ಲಸ್ ಒತ್ತಿ. ಮೊದಲಿನಂತೆ ಆಗಲು ಕಂಟ್ರೋಲ್ ಮತ್ತು ಸೊನ್ನೆ.
- ಭೂತಗನ್ನಡಿ: ವಿಂಡೋಸ್ ಕೀ ಮತ್ತು ಪ್ಲಸ್ ಒತ್ತಿದರೆ ಮೌಸ್ ಇರುವ ಜಾಗ ದೊಡ್ಡದಾಗುತ್ತೆ. ನಿಲ್ಲಿಸಲು ವಿಂಡೋಸ್ ಕೀ ಮತ್ತು ಎಸ್ಕೇಪ್. ಪಹಣಿಯ ಸಣ್ಣ ಕಾಲಂ ಓದೋಕೆ ನಮ್ಮಲ್ಲಿ ಇದೇ ಉಪಯೋಗ.
- ಬಾಣದ ಗುರುತು: ಸೆಟ್ಟಿಂಗ್‌ನ ‘ಆ್ಯಕ್ಸೆಸಿಬಿಲಿಟಿ’ಯಲ್ಲಿ ಮೌಸ್ ಬಾಣವನ್ನು ದೊಡ್ಡದು ಮಾಡಿ, ಹಳದಿ ಅಥವಾ ಕೆಂಪು ಬಣ್ಣ ಕೊಡಿ. ಬೆಳಕು ಚುಚ್ಚುತ್ತೆ ಅನ್ನುವವರಿಗೆ ಅಲ್ಲೇ ‘ಕಾಂಟ್ರಾಸ್ಟ್ ಥೀಮ್ಸ್’ನಲ್ಲಿ ಕಪ್ಪು ಹಿನ್ನೆಲೆ ಇದೆ.

ಓದಲು ಬಾರದವರಿಗೆ, ಕಾಣದವರಿಗೆ

ಎಡ್ಜ್ ಬ್ರೌಸರಿನಲ್ಲಿ ಕನ್ನಡ ಲೇಖನ ತೆರೆದು ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ. ಕನ್ನಡದ ಧ್ವನಿ ಆರಿಸಿಕೊಂಡರೆ ಸ್ಪಷ್ಟವಾಗಿ ಓದಿ ಹೇಳುತ್ತೆ, ವೇಗವನ್ನೂ ಕಡಿಮೆ ಮಾಡಬಹುದು. ಇದಕ್ಕೆ ಇಂಟರ್ನೆಟ್ ಬೇಕು. ನಮ್ಮ ಅವ್ವ ಶಾಲೆಗೆ ಹೋದವರಲ್ಲ. ಈಗ ಹವಾಮಾನ ಸುದ್ದಿಯನ್ನು ರೊಟ್ಟಿ ಬಡಿಯುತ್ತಲೇ ಕೇಳ್ತಾರೆ.

ಪೂರ್ತಿ ಕಣ್ಣು ಕಾಣದವರಿಗೆ ‘ಎನ್‌ವಿಡಿಎ’ ಎಂಬ ಉಚಿತ ತಂತ್ರಾಂಶವಿದೆ. ಪರದೆಯ ಮೇಲಿನ ಬಟನ್, ಮೆನು ಎಲ್ಲವನ್ನೂ ಹೇಳುತ್ತೆ, ಕನ್ನಡವನ್ನೂ ಓದುತ್ತೆ. ಧ್ವನಿ ಸ್ವಲ್ಪ ಯಂತ್ರದ ಹಾಗಿದೆ, ರೂಢಿಯಾಗಲು ಸಮಯ ಬೇಕು. ಒಂದು ಮಾತು ನೆನಪಿಡಿ: ಸ್ಕ್ಯಾನ್ ಮಾಡಿದ ಕಾಗದ ಕಂಪ್ಯೂಟರಿಗೆ ಬರೀ ಚಿತ್ರ, ಅದನ್ನು ಓದಲಾರದು. ಅಂಥದ್ದನ್ನು ನೀವೇ ಓದಿ ಹೇಳಬೇಕು.

ಕೈ ನಡುಗುವವರಿಗೆ ಟೈಪಿಂಗ್ ಕಷ್ಟ. ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು ‘ವಾಯ್ಸ್ ಟೈಪಿಂಗ್’ಗೆ ಕನ್ನಡ ಆರಿಸಿದರೆ ಮಾತಾಡಿದ್ದು ಅಕ್ಷರವಾಗುತ್ತೆ. ಇದಕ್ಕೆ ಮೈಕ್ ಬೇಕು. ಕಿವಿ ಮಂದ ಇದ್ದವರಿಗೆ, ಯೂಟ್ಯೂಬ್ ವಿಡಿಯೋದಲ್ಲಿ ‘ಸಿಸಿ’ ಗುರುತಿದ್ದರೆ ಒತ್ತಿ, ಮಾತು ಬರಹವಾಗಿ ಕಾಣುತ್ತೆ.

ಎಚ್ಚರ

ಕರೆಂಟ್ ಹೋಗಿ ಬರುವ ಊರಿನಲ್ಲಿ ಪಿಸಿಯನ್ನು ಇನ್ವರ್ಟರ್ ಅಥವಾ ಯುಪಿಎಸ್‌ಗೆ ಜೋಡಿಸಿ. ಟಿವಿ ಆಫ್ ಮಾಡಿದರೆ ಪಿಸಿ ಆಫ್ ಆಗೋದಿಲ್ಲ, ಬೇರೆಯಾಗಿ ಶಟ್‌ಡೌನ್ ಮಾಡಿ. ಟಿವಿ ಹಿಂದೆ ಗೋಡೆಗೆ ಒತ್ತಿ ಇಡಬೇಡಿ, ಗಾಳಿ ಆಡಲಿ.

ಇನ್ನೊಂದು, ನಮ್ಮ ಹಳ್ಳಿಯ ಪಡಸಾಲೆಗೆ ಯಾರು ಬೇಕಾದರೂ ಬರ್ತಾರೆ. ಮೊಬೈಲಿನಲ್ಲಿ ಒಬ್ಬರಿಗೆ ಕಾಣೋದು ಟಿವಿಯಲ್ಲಿ ಹತ್ತು ಜನಕ್ಕೆ ಕಾಣುತ್ತೆ. ಬ್ಯಾಂಕ್ ಪಾಸ್‌ವರ್ಡ್, ಆಧಾರ್ ಸಂಖ್ಯೆ ದೊಡ್ಡ ಪರದೆಯಲ್ಲಿ ಬೇಡ, ಅಂಥ ಕೆಲಸ ಮೊಬೈಲಿನಲ್ಲೇ ಇರಲಿ.

ಈ ವಾರ ಒಂದು ಕೆಲಸ ಮಾಡಿ. ಕಂಪ್ಯೂಟರ್ ಇರಲಿ, ಇಲ್ಲದಿರಲಿ, ಈ ಹಂಗಾಮಿನ ನಿಮ್ಮ ಬೆಳೆ ದಾಖಲೆಯನ್ನು ಮನೆಯ ಹಿರಿಯರ ಮುಂದೆ ಸರ್ವೆ ನಂಬರ್ ಸಮೇತ ಜೋರಾಗಿ ಓದಿ. ಯಾವ ಹೊಲದಲ್ಲಿ ಏನಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.