ಕ್ರೈಸ್ತ ಯುವಜನರ ಸಮುದ್ರಯಾನದ ಅನುಭವಕಥನಗಳು: ಮುಂಬಯಿ ಬಂದರಿನ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ಧರ್ಮಸೇವೆಯ ಸಂಕಲ್ಪದಿಂದ ಅಥವಾ ಧರ್ಮಸಂಸ್ಥೆಗಳ ಆಶ್ರಯದಲ್ಲಿ ಕಡಲು ದಾಟಿದ ತರುಣ ತರುಣಿಯರು ತಮ್ಮ ಅನುಭವಗಳನ್ನು ಪತ್ರ, ದಿನಚರಿ, ಸಾಕ್ಷ್ಯ, ಆತ್ಮಕಥೆ ಮೊದಲಾದ ರೂಪಗಳಲ್ಲಿ ದಾಖಲಿಸಿದ್ದಾರೆ. ಇವು ಚರ್ಚಿನ ಚರಿತ್ರೆಗೆ ಮಾತ್ರ ಸಂಬಂಧಿಸಿದವು ಎಂಬ ಭಾವನೆ ನಮ್ಮ ವಿದ್ವತ್ ವಲಯದಲ್ಲಿ ಬಹುಕಾಲದಿಂದ ಉಳಿದುಬಂದಿದೆ. ಈ ಭಾವನೆ ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದ ಕರ್ನಾಟಕದ ಭಾಷಿಕ, ಸಾಮಾಜಿಕ ಚರಿತ್ರೆಗೆ ಇವು ಮುಖ್ಯ ಆಕರಗಳಾಗಿವೆ. ಆದರೆ ಆಕರವೆಂದ ಮಾತ್ರಕ್ಕೆ ಅದರ ಮಾತನ್ನೆಲ್ಲ ಯಥಾವತ್ತಾಗಿ ಸ್ವೀಕರಿಸುವುದೂ ತರವಲ್ಲ. ಈ ಕಥನಗಳು ಯಾರನ್ನು ಉದ್ದೇಶಿಸಿ, ಯಾವ ಭಾಷೆಯಲ್ಲಿ, ಪ್ರಯಾಣವಾದ ಎಷ್ಟು ವರ್ಷಗಳ ಬಳಿಕ ರಚಿತವಾದುವು ಎಂಬುದನ್ನು ಗಮನಿಸದ ಹೊರತು ಅವುಗಳ ಅರ್ಥ ಸ್ಪಷ್ಟವಾಗುವುದಿಲ್ಲ. ಹೊರರಾಜ್ಯಗಳ ಅಭ್ಯಾಸಿಗಳ ಉಪಯೋಗಕ್ಕಾಗಿ ಈ ಸಂಗತಿಯನ್ನು ಮುಂಬಯಿಗೆ ಸಂಬಂಧಿಸಿದ ಕೆಲವು ನಿದರ್ಶನಗಳ ಮೂಲಕ ಇಲ್ಲಿ ವಿವರಿಸಲು ನಾವು ಪ್ರಯತ್ನಿಸಿದ್ದೇವೆ.

1. ಮುಂಬಯಿ ಏಕೆ?

ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ 1862ರಿಂದ ಉತ್ತರ ಕನ್ನಡವೂ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಹೀಗಾಗಿ ಈ ಭಾಗದ ಕನ್ನಡಿಗರಿಗೆ ಆಡಳಿತ, ಶಿಕ್ಷಣ, ಮುದ್ರಣಗಳ ಹೆಬ್ಬಾಗಿಲು ಮುಂಬಯಿಯೇ ಆಗಿತ್ತು. ಮದರಾಸು ಪ್ರಾಂತಕ್ಕೆ ಸೇರಿದ್ದ ಮಂಗಳೂರಿಗೂ ಈ ಬಂದರಿನ ಸಂಬಂಧ ನಿಕಟವಾಗಿತ್ತು. 1841ರಲ್ಲಿ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆ ಕಲ್ಲಚ್ಚಿನ ಯಂತ್ರವನ್ನು ಮಂಗಳೂರಿಗೆ ತಂದುದು ಮುಂಬಯಿಯಿಂದ. 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲೇ ಮುದ್ರಿತವಾಯಿತು. ಅದರ ಸಂಪಾದಕನಾದ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಇಲ್ಲಿಗೆ ಬಂದಾಗ ಇಪ್ಪತ್ತೈದರ ತರುಣ. ಬೋಧಿಸಲೆಂದು ಬಂದ ಈತನೇ ಮುಂದೆ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಮಾಡಿಸಿದನೆಂಬುದು ನಡುಗನ್ನಡ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ವಿಶೇಷವಾಗಿ ಸ್ಮರಣೀಯ. ಹೇಳಲು ಬಂದವನು ಕೇಳುವವನಾದ ಇಂಥ ಸ್ಥಿತ್ಯಂತರವನ್ನು ಗುರುತಿಸುವುದೇ ಈ ಬಗೆಯ ಬರಹಗಳ ಅಧ್ಯಯನದ ಮೊದಲ ಪ್ರಯೋಜನ.

2. ಕಥನದ ಸಿದ್ಧ ಚೌಕಟ್ಟು

ಅಮೆರಿಕದ ಮಿಶನ್ ಮಂಡಳಿಯು 1812ರಲ್ಲಿ ತನ್ನ ಮೊದಲ ತಂಡವನ್ನು ಪೂರ್ವದೇಶಗಳಿಗೆ ಕಳುಹಿಸಿತು. ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಗಳು ಕಲ್ಕತ್ತೆಯಲ್ಲಿ ಅವರಿಗೆ ನೆಲೆಸಲು ಅನುಮತಿ ಕೊಡಲಿಲ್ಲ. ತಂಡದ ಗಾರ್ಡನ್ ಹಾಲ್, ಸ್ಯಾಮ್ಯುಯೆಲ್ ನಾಟ್ ಇಬ್ಬರೂ 1813ರ ಫೆಬ್ರವರಿಯಲ್ಲಿ ಮುಂಬಯಿ ಮುಟ್ಟಿದರು. ಅದೇ ತಂಡದ ಹ್ಯಾರಿಯೆಟ್ ನ್ಯೂವೆಲ್ ಮಾತ್ರ ಮುಂಬಯಿಯನ್ನು ಕಾಣಲಿಲ್ಲ. 1812ರ ನವೆಂಬರಿನಲ್ಲಿ ಮಾರಿಷಸ್ ದ್ವೀಪದಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಆಕೆ ತೀರಿಕೊಂಡಳು. ಆಕೆಯ ದಿನಚರಿ ಮತ್ತು ಪತ್ರಗಳು 1814ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಗಿ ಅಮೆರಿಕದಲ್ಲಿ ಬಹಳ ಪ್ರಚಾರ ಪಡೆದುವು. ಸೇವೆಯನ್ನು ಆರಂಭಿಸುವ ಮೊದಲೇ ಮೃತಳಾದ ತರುಣಿಯ ಬರಹ ಅನೇಕ ಯುವಜನರನ್ನು ಕಡಲಿನ ಕಡೆಗೆ ಸೆಳೆಯಿತು. ಮುಂಬಯಿಗೆ ಬಂದವರ ಗತಿಯೂ ಸುಗಮವಾಗಿರಲಿಲ್ಲ. ಹ್ಯಾರಿಯೆಟ್‌ಳ ಪತಿ 1821ರಲ್ಲಿ, ಗಾರ್ಡನ್ ಹಾಲ್ 1826ರಲ್ಲಿ ಕಾಲರಾ ಬೇನೆಗೆ ತುತ್ತಾದರು.

ಸ್ಕಾಟ್ಲೆಂಡಿನ ಜಾನ್ ವಿಲ್ಸನ್ 1829ರಲ್ಲಿ ಪತ್ನಿ ಮಾರ್ಗರೆಟ್‌ಳೊಡನೆ ಮುಂಬಯಿಗೆ ಬಂದಾಗ ಇಪ್ಪತ್ನಾಲ್ಕರ ವಯಸ್ಸಿನವನು. ಇಂದಿನ ವಿಲ್ಸನ್ ಕಾಲೇಜಿಗೆ ಮೂಲಪುರುಷನೀತ. ಮಾರ್ಗರೆಟ್ ಮರಾಠಿ ಕಲಿತು ನಗರದಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದಳು, 1835ರಲ್ಲಿ ಕಾಲವಾದಳು. ಆಕೆಯ ಪತ್ರಗಳನ್ನೂ ದಿನಚರಿಯನ್ನೂ ಪತಿಯೇ ಸಂಕಲಿಸಿ 1838ರಲ್ಲಿ ಪ್ರಕಟಿಸಿದನು. ಅಂದರೆ ನಮ್ಮ ಕೈಸೇರಿರುವುದು ಆಕೆಯ ಅನುಭವವಷ್ಟೇ ಅಲ್ಲ, ಅದರಲ್ಲಿ ಪ್ರಕಟಣಯೋಗ್ಯವೆಂದು ಇನ್ನೊಬ್ಬರು ಆರಿಸಿಕೊಂಡ ಭಾಗ.

ಇಂಥ ಬರಹಗಳಲ್ಲಿ ಕರೆ, ಬೀಳ್ಕೊಡುಗೆ, ಕಡಲ ಸಂಕಟ, ಅಪರಿಚಿತ ನೆಲ, ಪರೀಕ್ಷೆ, ಅಂತರಂಗದ ಪರಿವರ್ತನೆ ಎಂಬ ಕ್ರಮ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇದು ಕನ್ನಡ ಸಾಹಿತ್ಯದ ಓದುಗರಿಗೆ ಹೊಸದೇನೂ ಅಲ್ಲ. ಹರಿಹರನ ರಗಳೆಗಳಲ್ಲಿ ಅನೇಕ ಶರಣರು ಕೈಲಾಸದಿಂದ ಇಳಿದು, ಭೂಲೋಕದಲ್ಲಿ ಪರೀಕ್ಷೆಗಳನ್ನು ಗೆದ್ದು, ಕೈಲಾಸಕ್ಕೆ ಮರಳುತ್ತಾರೆ. ಚೌಕಟ್ಟು ಸಿದ್ಧವಾದುದು, ಆದರೆ ಆ ಚೌಕಟ್ಟಿನೊಳಗೆ ಕಾಯಕದ, ಊರಿನ, ಆಡುಮಾತಿನ ವಿವರಗಳು ನುಸುಳಿಬರುತ್ತವೆ. ಚರಿತ್ರಕಾರನಿಗೆ ಬೇಕಾದುದು ಈ ವಿವರಗಳೇ. ಮಿಶನ್ ಕಥನಗಳಿಗೂ ಇದೇ ವಿಧಾನ ಒಪ್ಪುತ್ತದೆಂದು ನಮ್ಮ ಅಭಿಪ್ರಾಯ.

3. ಇಲ್ಲಿಂದ ಹೊರಟವರು

ಮೇಲಿನವರೆಲ್ಲ ಇಲ್ಲಿಗೆ ಬಂದವರು. ಇಲ್ಲಿಂದ ಹೊರಟ ಯುವ ಕ್ರೈಸ್ತರ ಅನುಭವ ಬೇರೊಂದು ಬಗೆಯದು. ಅವರು ತವರನ್ನು ಕಳೆದುಕೊಂಡ ಮೇಲೆ ಹಡಗು ಹತ್ತಿದವರು. ಪಾರಸಿ ತರುಣ ಧನಜೀಭಾಯಿ ನವರೋಜಿ 1839ರಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದಾಗ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ನಗರದಲ್ಲಿ ದೊಡ್ಡ ಕೋಲಾಹಲವೆದ್ದಿತು. 1843ರಲ್ಲಿ ಆತ ವಿಲ್ಸನ್ನನ ಜತೆಯಲ್ಲಿ ಹೊರಟು, ಪವಿತ್ರನಾಡುಗಳನ್ನು ಸಂದರ್ಶಿಸಿ, ಸ್ಕಾಟ್ಲೆಂಡಿನಲ್ಲಿ ದೇವಶಾಸ್ತ್ರವನ್ನು ಓದಿ ಮರಳಿದನು. ಆತನ ಆತ್ಮಕಥೆ ಇಂಗ್ಲಿಷಿನಲ್ಲಿ ಅಚ್ಚಾದುದು 1909ರಲ್ಲಿ. ಹದಿಹರೆಯದ ಘಟನೆಗಳನ್ನು ವೃದ್ಧಾಪ್ಯದ ಕಣ್ಣು ನೋಡಿದ ಬರಹವದು.

ಮಂಗಳೂರಿನ ಸಾರಸ್ವತ ಕುಲದ ಆನಂದರಾವ್ ಕೌಂಡಿನ್ಯನ ಕಥೆ ಇದಕ್ಕೆ ಸಮಾನಾಂತರವಾಗಿದೆ. 1844ರಲ್ಲಿ ದೀಕ್ಷೆ ಪಡೆದು ಹೆರ್ಮನ್ ಆನಂದರಾವ್ ಕೌಂಡಿನ್ಯನಾದ ಈತನನ್ನು 1846ರಲ್ಲಿ ಮೋಗ್ಲಿಂಗ್ ಯುರೋಪಿಗೆ ಕರೆದೊಯ್ದನು. ಬಾಸೆಲ್ಲಿನಲ್ಲಿ ಶಿಕ್ಷಣ ಮುಗಿಸಿ 1851ರಲ್ಲಿ ಪಾದ್ರಿಪದವಿಯನ್ನು ಹೊಂದಿ ಆತ ಮಂಗಳೂರಿಗೆ ಮರಳಿದನು. ಆತನೊಡನೆ ಬರಲೊಪ್ಪದ ಮೊದಲ ಪತ್ನಿಯ ಅನುಭವವೇನು ಎಂಬುದನ್ನು ಆಕೆಯ ಮಾತಿನಲ್ಲೇ ತಿಳಿಯುವ ಸಾಧನ ನಮಗಿಲ್ಲ. ಸಾಕ್ಷ್ಯವೆಂಬ ಪ್ರಕಾರವು ಹೊರಟವರಿಗೆ ದನಿ ಕೊಡುತ್ತದೆ, ಉಳಿದವರಿಗೆ ಕೊಡುವುದಿಲ್ಲ. ಯಾವುದೇ ನಿರ್ಣಯಕ್ಕೆ ಬರುವ ಮೊದಲು ಈ ಕೊರತೆಯನ್ನು ಲೆಕ್ಕಕ್ಕೆ ಹಿಡಿಯಬೇಕು.

4. ಒಂದು ಯಾನ, ಮೂರು ಕಥನ

ನಮ್ಮ ವಾದಕ್ಕೆ ಅತ್ಯಂತ ಪುಷ್ಟಿ ಕೊಡುವ ನಿದರ್ಶನ ಪಂಡಿತಾ ರಮಾಬಾಯಿಯದು. ಈಕೆಯ ತಂದೆ ಅನಂತಶಾಸ್ತ್ರಿ ಡೋಂಗ್ರೆ. ಈಕೆ ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಅಂದರೆ ಇಂದಿನ ಕರ್ನಾಟಕದಲ್ಲಿ. ತೀರ್ಥಯಾತ್ರೆಯ ಅಲೆದಾಟ, 1874ರ ಕ್ಷಾಮಕಾಲದಲ್ಲಿ ತಾಯಿತಂದೆಗಳ ಮರಣ, 1878ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ‘ಪಂಡಿತಾ’, ‘ಸರಸ್ವತಿ’ ಬಿರುದುಗಳು, 1882ರಲ್ಲಿ ವೈಧವ್ಯ, ಇವು ಆಕೆಯ ಪೂರ್ವಚರಿತ್ರೆ. 1883ರಲ್ಲಿ, ಇಪ್ಪತ್ತೈದರ ಆಸುಪಾಸಿನಲ್ಲಿ, ಎಳೆಯ ಮಗಳು ಮನೋರಮೆಯೊಡನೆ ಆಕೆ ಇಂಗ್ಲೆಂಡಿಗೆ ಪ್ರಯಾಣ ಮಾಡಿದಳು. ಹೊರಡುವಾಗ ಆಕೆ ಕ್ರೈಸ್ತಳಲ್ಲ. ವೈದ್ಯಶಿಕ್ಷಣ ಆಕೆಯ ಗುರಿಯಾಗಿತ್ತು. ಪ್ರಯಾಣದ ವೆಚ್ಚಕ್ಕೆ ತನ್ನ ‘ಸ್ತ್ರೀಧರ್ಮನೀತಿ’ ಗ್ರಂಥದ ಆದಾಯವನ್ನು ಬಳಸಿದಳು. ವಾಂಟೇಜ್ ಊರಿನ ಆಂಗ್ಲಿಕನ್ ಸೋದರಿಯರ ಮಠದಲ್ಲಿ ವಸತಿ ದೊರೆಯಿತು. ಭಾರತಕ್ಕೆ ಹೊರಡಲಿದ್ದ ಸೋದರಿಯರಿಗೆ ಮರಾಠಿ ಕಲಿಸುವುದು ಅದಕ್ಕೆ ಪ್ರತಿಯಾದ ಸೇವೆ. ಕಿವಿಯ ದೋಷದಿಂದಾಗಿ ವೈದ್ಯಶಿಕ್ಷಣ ಸಾಧ್ಯವಾಗಲಿಲ್ಲ. ಜತೆಯಲ್ಲಿ ಬಂದಿದ್ದ ಗೆಳತಿ ಆನಂದೀಬಾಯಿ ಭಗತ್ ಅಲ್ಲಿಯೇ ಆತ್ಮಹತ್ಯೆ ಮಾಡಿಕೊಂಡಳು. ಅದೇ ವರ್ಷದ ಸೆಪ್ಟೆಂಬರ್ 29ರಂದು ರಮಾಬಾಯಿಯೂ ಮಗಳೂ ದೀಕ್ಷಾಸ್ನಾನ ಪಡೆದರು.

ಈ ಅನುಭವ ಮೂರು ಪದರಗಳಲ್ಲಿ ನಮಗೆ ಲಭ್ಯವಿದೆ. ಮೊದಲನೆಯದು ಆಗಿಂದಾಗ್ಗೆ ಬರೆದ ಇಂಗ್ಲಿಷ್ ಪತ್ರಗಳು. ಸೋದರಿ ಜೆರಾಲ್ಡೀನ್ ಸಂಗ್ರಹಿಸಿಟ್ಟ ಈ ಪತ್ರವ್ಯವಹಾರವನ್ನು ಎ. ಬಿ. ಶಹಾ ಅವರ ಸಂಪಾದಕತ್ವದಲ್ಲಿ ಮಹಾರಾಷ್ಟ್ರ ರಾಜ್ಯ ಸಾಹಿತ್ಯ ಮತ್ತು ಸಂಸ್ಕೃತಿ ಮಂಡಳಿಯು 1977ರಲ್ಲಿ ಮುಂಬಯಿಯಿಂದ ಪ್ರಕಟಿಸಿದೆ. ಇಲ್ಲಿ ನಾವು ಕಾಣುವುದು ವಿಧೇಯ ಶಿಷ್ಯೆಯನ್ನಲ್ಲ. ತ್ರಿತ್ವದ ತತ್ತ್ವವನ್ನು ಆಕೆ ಪ್ರಶ್ನಿಸುತ್ತಾಳೆ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಏಕೆ, ಸಂಸ್ಕೃತವೇಕಾಗದು ಎಂದು ವಾದಿಸುತ್ತಾಳೆ. ಶಾಕಾಹಾರವನ್ನು ಬಿಡಲೊಪ್ಪುವುದಿಲ್ಲ. ಚೆಲ್ಟೆನ್‌ಹ್ಯಾಮ್ ಕಾಲೇಜಿನಲ್ಲಿದ್ದಾಗ ಆಕೆ ಗಂಡಸರಿಗೆ ಪಾಠ ಹೇಳಕೂಡದೆಂದು ಭಾರತದ ಬಿಷಪ್ಪರು ಆಕ್ಷೇಪಿಸಿದಾಗ, ತನ್ನ ದೇಶದಲ್ಲಿ ತಾನು ಸಭೆಗಳಲ್ಲಿ ಮಾತಾಡಿದವಳೆಂಬುದನ್ನು ಮರೆಯಲು ಆಕೆ ಸಿದ್ಧಳಿರಲಿಲ್ಲ. ಆಶ್ರಯ ಕೊಟ್ಟವರೊಡನೆ ಆಕೆ ನಡೆಸಿದ ಈ ವಾಗ್ವಾದವು ನಿಷ್ಠೆಯ ಕೊರತೆಯೆಂದು ಕೆಲವರಿಗೆ ತೋರಿತು. ನಂಬಿಕೆಯನ್ನು ಸ್ವೀಕರಿಸಿಯೂ ಬುದ್ಧಿಯನ್ನು ಒಪ್ಪಿಸದ ಮನಸ್ಸೊಂದರ ನೇರವಾದ ದಾಖಲೆ ನಮಗೆ ಇಲ್ಲಿ ದೊರೆಯುತ್ತದೆ.

ಎರಡನೆಯ ಪದರ ಮರಾಠಿಯದು. 1886ರಲ್ಲಿ ಆನಂದೀಬಾಯಿ ಜೋಶಿಯ ವೈದ್ಯಪದವಿ ಸಮಾರಂಭಕ್ಕೆಂದು ಫಿಲಡೆಲ್ಫಿಯಾಕ್ಕೆ ಹೋದ ರಮಾಬಾಯಿ ಎರಡು ವರ್ಷಕ್ಕೂ ಮಿಕ್ಕಿ ಅಮೆರಿಕದಲ್ಲಿ ಉಳಿದಳು. ಭಾರತದ ವಿಧವೆಯರ ಶಿಕ್ಷಣಕ್ಕೆ ನೆರವು ಕೂಡಿಸಲು 1887ರಲ್ಲಿ ಇಂಗ್ಲಿಷಿನಲ್ಲಿ ‘ಉಚ್ಚಜಾತಿಯ ಹಿಂದೂ ಸ್ತ್ರೀ’ ಎಂಬ ಅರ್ಥದ ಹೆಸರುಳ್ಳ ಗ್ರಂಥವನ್ನು ಪ್ರಕಟಿಸಿದಳು. ಅಲ್ಲಿನ ಓದುಗರಿಗೆ ಭಾರತೀಯ ಸ್ತ್ರೀಯ ಸಂಕಟವನ್ನು ಮನಗಾಣಿಸುವುದು ಅದರ ಉದ್ದೇಶ. 1889ರಲ್ಲಿ ಇಲ್ಲಿನ ಓದುಗರಿಗೆ ಬರೆದ ಮರಾಠಿ ಪ್ರವಾಸಗ್ರಂಥದ ದಿಕ್ಕೇ ಬೇರೆ. ಅಲ್ಲಿನ ರಾಜ್ಯವ್ಯವಸ್ಥೆ, ಶಿಕ್ಷಣ, ವ್ಯಾಪಾರ, ಸ್ತ್ರೀಸಂಘಟನೆಗಳನ್ನು ಅದು ವಿವರಿಸುತ್ತದೆ. ಕರಿಯರ ಹಾಗೂ ಮೂಲನಿವಾಸಿಗಳ ಬಗೆಗಿನ ಅನ್ಯಾಯವನ್ನೂ ಮುಚ್ಚಿಡುವುದಿಲ್ಲ. ಸ್ವಂತ ಮತಾಂತರ ಅದರ ಕೇಂದ್ರವಸ್ತುವಲ್ಲ.

ಮೂರನೆಯದು 1907ರಲ್ಲಿ ಇಂಗ್ಲಿಷಿನಲ್ಲಿ ಬಂದ ಸಾಕ್ಷ್ಯ. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಸಮಾಜವು ಪತಿತರೆಂದು ತಳ್ಳಿದ ಹೆಂಗಸರನ್ನು ಸೋದರಿಯರು ಮಮತೆಯಿಂದ ಉಪಚರಿಸುತ್ತಿದ್ದುದನ್ನು ಕಂಡು ತನ್ನ ಮನಸ್ಸು ಕರಗಿದ ಬಗೆಯನ್ನು ರಮಾಬಾಯಿ ಅಲ್ಲಿ ಹೇಳುತ್ತಾಳೆ. ಆದರೆ ತಾನು ಮೊದಲು ಸ್ವೀಕರಿಸಿದ್ದು ಕ್ರೈಸ್ತಧರ್ಮವನ್ನು, ಕ್ರಿಸ್ತನನ್ನು ಕಂಡುಕೊಂಡದ್ದು ಕೆಲವು ವರ್ಷಗಳ ತರುವಾಯ ಎಂದೂ ಅಲ್ಲಿಯೇ ವಿವೇಚಿಸುತ್ತಾಳೆ. ಪತ್ರಗಳಲ್ಲಿ ವಾಗ್ವಾದವಾಗಿದ್ದುದು ಇಲ್ಲಿ ಸಾಧನಾಪಥದ ಒಂದು ಘಟ್ಟವಾಗಿ ಪರಿಣಮಿಸಿದೆ. ಮೂರರಲ್ಲಿ ಯಾವುದೂ ಸುಳ್ಳಲ್ಲ. ಕೇಳುವವರು ಬದಲಾದಂತೆ, ಭಾಷೆ ಬದಲಾದಂತೆ, ಹೇಳುವವಳ ವಯಸ್ಸು ಬದಲಾದಂತೆ ಅನುಭವದ ಆಕಾರವೂ ಬದಲಾಗಿದೆ. ಮೂರರಲ್ಲಿ ಒಂದನ್ನೇ ಹಿಡಿದು ಆಕೆಯನ್ನು ಸಂತಳೆಂದೋ ದಾರಿತಪ್ಪಿದವಳೆಂದೋ ನಿರ್ಣಯಿಸಿದವರು ಎರಡೂ ಕಡೆ ಇದ್ದಾರೆ.

ಈ ಪ್ರಶ್ನೆ ಕೇವಲ ಪಾಠವಿಮರ್ಶೆಯದಲ್ಲ. 1889ರ ಮಾರ್ಚ್ 11ರಂದು ರಮಾಬಾಯಿ ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದಳು. ಮರುವರ್ಷ ಅದು ಪುಣೆಗೆ ಸ್ಥಳಾಂತರವಾಯಿತು. ಅಮೆರಿಕದ ದಾನಿಗಳಿಗೆ ಕೊಟ್ಟ ಮಾತು, ಇಲ್ಲಿನ ಹಿಂದೂ ಹಿತೈಷಿಗಳಿಗೆ ಕೊಟ್ಟ ಮಾತು, ತನ್ನ ಅಂತಃಸಾಕ್ಷಿ, ಈ ಮೂರರ ನಡುವೆ ಆಕೆ ನಡೆಯಬೇಕಾಗಿತ್ತು. ವಿದ್ಯಾರ್ಥಿನಿಯರು ಆಕೆಯ ಪ್ರಾರ್ಥನೆಯಲ್ಲಿ ಕುಳಿತುಕೊಳ್ಳುತ್ತಾರೆಂಬ ವಿವಾದವೆದ್ದು, 1893ರಲ್ಲಿ ರಾನಡೆ, ಭಾಂಡಾರಕರ್ ಮೊದಲಾದವರು ಸಲಹಾಮಂಡಳಿಯಿಂದ ಹೊರಬಂದರು. ಹಲವು ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಬೇರೆ ಬೇರೆ ಶ್ರೋತೃಗಳಿಗೆ ಬೇರೆ ಬೇರೆಯಾಗಿ ಹೇಳಿದ ಕಥೆಗಳು ಒಂದೇ ಅಂಗಳದಲ್ಲಿ ಮುಖಾಮುಖಿಯಾದಾಗ ಬೆಲೆ ತೆತ್ತವರು ಶಾಲೆ ಬಿಟ್ಟ ಆ ಹುಡುಗಿಯರು.

5. ಮುಂದಿನ ಕೆಲಸ

ಇಂದು ಯುವಜನರು ಕೆಲವೇ ವಾರಗಳ ಮಟ್ಟಿಗೆ ಹೊರದೇಶಗಳಿಗೆ ಸೇವಾಪ್ರವಾಸ ಹೋಗಿಬರುವುದು ಜಗತ್ತಿನಾದ್ಯಂತ ರೂಢಿಯಾಗಿದೆ. 1960ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಯೂತ್ ವಿತ್ ಎ ಮಿಶನ್’ ಮೊದಲಾದ ಸಂಸ್ಥೆಗಳು ಈ ಪದ್ಧತಿಯನ್ನು ಬೆಳೆಸಿದುವು. ಪ್ರವಾಸದ ಅವಧಿ ಕಿರಿದಾಗಿದೆ. ನೆಲದ ಭಾಷೆಯನ್ನು ಕಲಿಯುವ ಅವಕಾಶ ಅದಕ್ಕಿಂತಲೂ ಕಿರಿದಾಗಿದೆ. ಕಥನದ ಚೌಕಟ್ಟು ಮಾತ್ರ ಬಹುಮಟ್ಟಿಗೆ ಹಳೆಯದೇ. ಮಾರ್ಗರೆಟ್ ವಿಲ್ಸನ್ ಅಥವಾ ಮೋಗ್ಲಿಂಗ್ ಕಲಿತಂತೆ ನೆಲದ ಭಾಷೆಯನ್ನು ಕಲಿಯದಾಗ, ಚೌಕಟ್ಟನ್ನು ಒಡೆದು ಒಳಬರುವ ವಿವರಗಳೂ ವಿರಳವಾಗುತ್ತವೆ.

ಕನ್ನಡ ಸಂಶೋಧನೆಯ ದೃಷ್ಟಿಯಿಂದ ಮೂರು ಕಾರ್ಯಗಳು ತುರ್ತಿನವೆಂದು ನಮಗೆ ತೋರುತ್ತದೆ. ಬಾಸೆಲ್ಲಿನ ಸಂಗ್ರಹಾಗಾರದಲ್ಲಿರುವ ಜರ್ಮನ್ ಪತ್ರಗಳನ್ನು ಅದೇ ಬರಹಗಾರರ ಕನ್ನಡ ಬರಹಗಳ ಜತೆಯಲ್ಲಿಟ್ಟು ಓದಬೇಕು. ರಮಾಬಾಯಿಯ ಮರಾಠಿ ಪ್ರವಾಸಗ್ರಂಥವು ಕರ್ನಾಟಕದಲ್ಲಿ ಹುಟ್ಟಿದ ಲೇಖಕಿಯೊಬ್ಬಳ ಕೃತಿಯೆಂಬ ನೆಲೆಯಲ್ಲಿಯೂ ನಮ್ಮ ಅಭ್ಯಾಸಕ್ಕೆ ಒಳಪಡಬೇಕು. ಕಲಬುರಗಿಯಲ್ಲಿ ಆಕೆ ಮತ್ತು ಮಗಳು ಮನೋರಮೆ ನಡೆಸಿದ ಶಾಲೆಯ ಚರಿತ್ರೆಯನ್ನೂ ಅದರೊಡನೆ ಪರಿಶೀಲಿಸಬಹುದು. ಮುಂಬಯಿಯ ಬಾಂದ್ರಾ, ಅಂಧೇರಿ ಮೊದಲಾದ ಉಪನಗರಗಳಲ್ಲಿ ನೆಲೆಸಿರುವ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಹೊರದೇಶಗಳಿಗೆ ಸೇವೆಗೆ ತೆರಳಿದವರ ಪತ್ರಗಳನ್ನೂ ಮೌಖಿಕ ನೆನಪುಗಳನ್ನೂ, ಮನೆಯಲ್ಲಿ ಉಳಿದವರ ಮಾತುಗಳೊಂದಿಗೆ, ಕನ್ನಡ, ತುಳು, ಕೊಂಕಣಿಗಳಲ್ಲಿ ಸಂಗ್ರಹಿಸಬೇಕು. ಹೀಗೆ ಸಂಗ್ರಹಿಸುವಾಗ ಪ್ರತಿಯೊಂದು ದಾಖಲೆಯ ಮೇಲೂ ಅದನ್ನು ಬರೆದ ವರ್ಷ, ಬರೆದ ಭಾಷೆ, ಯಾರಿಗೆ ಬರೆದುದು ಎಂಬ ಮೂರು ವಿವರಗಳನ್ನು ತಪ್ಪದೆ ನಮೂದಿಸುವುದು ಅವಶ್ಯ.